ದೀಪದವನು ಬದುಕಿದ್ದಾನೆ

ಸಾಬೂನಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪತ್ತೇದಾರಮ್ಮ ಎಂದು. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಒಮ್ಮೆ ಕೇಳಿಸುತ್ತಿತ್ತು, ಅಷ್ಟೆ. ಆಮೇಲೆ ದಿನವೆಲ್ಲ ಅವಳು ಬೆಲ್ಟಿನ ಮುಂದೆ ನಿಂತಿರುತ್ತಿದ್ದಳು. ಒಂದರ ಹಿಂದೆ ಒಂದು ತೇಲಿ ಬರುವ ಸಾಬೂನುಗಳಲ್ಲಿ ಮೂಲೆ ಮುರಿದದ್ದು, ಅಚ್ಚು ಸೊಟ್ಟಗೆ ಬಿದ್ದದ್ದು ಯಾವುದು ಎಂದು ನೋಡಿ, ಕಾಗದ ಸುತ್ತುವ ಯಂತ್ರದ ಬಾಯಿಗೆ ಹೋಗುವ ಮೊದಲೇ ಎತ್ತಿ ಡಬ್ಬಕ್ಕೆ ಹಾಕುವುದು ಅವಳ ಕೆಲಸ. ಡಬ್ಬದಲ್ಲಿದ್ದದ್ದು ಮತ್ತೆ ಕುದಿಯಲು ಹೋಗುತ್ತಿತ್ತು. ಅದರಲ್ಲಿ ಒಂದೋ ಎರಡೋ ಮನೆಗೆ ಒಯ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಅವಳ ಮನೆಯ ಬಚ್ಚಲಲ್ಲಿ ನೆಟ್ಟಗಿರುವ ಸಾಬೂನನ್ನು ಯಾರೂ ಕಂಡವರಿಲ್ಲ.

ಆ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ವಾರ ಘಾಟಿಗೆ ತಲೆ ಸಿಡಿಯುತ್ತದೆ. ಆಮೇಲೆ ಮೂಗು ಸೋತು ಸುಮ್ಮನಾಗುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು "ಎಷ್ಟು ಘಮಘಮ!" ಎಂದರೆ ಪತ್ತೇದಾರಮ್ಮ ಯಾರಿರಬಹುದು ಎಂದು ಅತ್ತಿತ್ತ ನೋಡುತ್ತಿದ್ದಳು. ತನ್ನ ಮೈಯಿಂದಲೇ ಬರುತ್ತಿದೆ ಎಂದು ಅವಳಿಗೆ ಹೊಳೆಯುತ್ತಿರಲಿಲ್ಲ. ಸಂತೋಷ, ಸಂಕಟಗಳ ವಿಷಯದಲ್ಲೂ ಅವಳ ಪಾಡು ಹೆಚ್ಚುಕಡಿಮೆ ಹೀಗೇ ಆಗಿಹೋಗಿತ್ತು.

ಅವಳಿಗೆ ಆ ಅಡ್ಡಹೆಸರು ಬಂದದ್ದು 'ದೀಪದ ಮನೆ' ಧಾರಾವಾಹಿಯಿಂದ. ಪ್ರತಿ ಗುರುವಾರ ಸಂಜೆ ಬರುತ್ತಿತ್ತು. ಕಡಲ ದಡದ ಊರಿನಲ್ಲಿ ದೀಪಸ್ತಂಭ ಕಾಯುವವನೊಬ್ಬ ಒಂದು ಬೆಳಿಗ್ಗೆ ಕಾಣೆಯಾಗುತ್ತಾನೆ. ಒಲೆಯ ಮೇಲೆ ಚಹಾದ ನೀರು ಇನ್ನೂ ಬಿಸಿ ಇರುತ್ತದೆ, ಬಾಗಿಲು ತೆರೆದಿರುತ್ತದೆ, ಕೋಟು ಮಾತ್ರ ಇಲ್ಲ. ಅವನ ಭಾವಮೈದನ ಮೇಲೆ ಅನುಮಾನ, ವೈದ್ಯನ ಮೇಲೆ ಅನುಮಾನ, ಅಂಚೆ ಕಚೇರಿಯ ಹೆಂಗಸಿನ ಮೇಲಂತೂ ಎಲ್ಲರಿಗೂ ಅನುಮಾನ. ವಾರಕ್ಕೊಂದು ಸಣ್ಣ ಒಗಟು ಬಿಡಿಸಿ, ದೊಡ್ಡ ಒಗಟನ್ನು ಮುಂದಕ್ಕೆ ತಳ್ಳಿ, ನೋಡುವವರನ್ನು ಆಟ ಆಡಿಸುವ ಜಾತಿಯ ಕಥೆ.

ಶುಕ್ರವಾರ ಕ್ಯಾಂಟೀನಿನಲ್ಲಿ ಇದರದ್ದೇ ಪಂಚಾಯಿತಿ. ಬೆಲ್ಟಿನಲ್ಲಿ ಅವಳ ಪಕ್ಕ ನಿಲ್ಲುವ ಹೆಂಗಸಿಗೆ ರೇಡಿಯೊ ಎಂದು ಹೆಸರು, ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ನಡುವಿನ ಜಾಹೀರಾತು ಸಹಿತ ಒಪ್ಪಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಪತ್ತೇದಾರಮ್ಮ ಬಾಯಿ ತೆರೆಯುತ್ತಿದ್ದಳು.

"ದೀಪದವನು ಸತ್ತಿಲ್ಲ."

"ಶುರುವಾಯ್ತು ನೋಡಿ!" ಎಂದು ರೇಡಿಯೊ ಹಣೆ ಚಚ್ಚಿಕೊಳ್ಳುತ್ತಿದ್ದಳು. "ಅಲ್ಲಮ್ಮಾ, ಕಲ್ಲಿನ ಮೇಲೆ ರಕ್ತ ಸಿಕ್ಕಿದೆ. ವೈದ್ಯನ ಕೈಗೆ ಗಾಯ ಆಗಿದೆ. ಇನ್ನೇನು, ಹೆಣಾನೇ ಬಂದು ನಿನ್ನ ಹತ್ರ ಸಾಕ್ಷಿ ಹೇಳ್ಬೇಕಾ?"

"ಕೋಟು ತಗೊಂಡು ಹೋಗಿದಾನಲ್ಲ. ವಾಪಸ್ ಬರೋ ಯೋಚನೆ ಇದ್ದೋನು ತಾನೇ ಕೋಟು ಹಾಕ್ಕೊಳ್ಳೋದು?"

ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಹಿಂದೆ ಬಂದ ಪತ್ತೇದಾರಿ ಧಾರಾವಾಹಿಗಳಲ್ಲೂ ಅವಳದ್ದು ಇದೊಂದೇ ವಾದ. ಕಾಣೆಯಾದವನು ಯಾರೇ ಇರಲಿ, ಬದುಕಿದ್ದಾನೆ. ಹತ್ತರಲ್ಲಿ ಒಂಬತ್ತು ಸಲ ತಪ್ಪಾಗುತ್ತಿತ್ತು, ಆದರೂ ಪಟ್ಟು ಬಿಡುತ್ತಿರಲಿಲ್ಲ. ಯಾಕೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅವಳ ಗಂಡ ಒಂದು ಭಾನುವಾರ, ಕೆಟ್ಟುಹೋದ ಫ್ಯಾನಿನ ರೆಗ್ಯುಲೇಟರನ್ನು ಗೋಡೆಯಿಂದ ಬಿಚ್ಚಿ, ಚೀಲಕ್ಕೆ ಹಾಕಿಕೊಂಡು, ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ಹೋದವನು ಬರಲಿಲ್ಲ. ಪೊಲೀಸರಿಗೆ ಹೇಳಿದ್ದಾಯಿತು. ಆಸ್ಪತ್ರೆಗಳಲ್ಲಿ ವಿಚಾರಿಸಿದ್ದಾಯಿತು. ರಿಪೇರಿ ಅಂಗಡಿಯವನು ಅಂಥವರು ಬರಲೇ ಇಲ್ಲ ಎಂದ. ಮೊದಲ ವರ್ಷ ಅತ್ತೆ ಸೊಸೆ ಇಬ್ಬರೂ ಅತ್ತು ಸುಸ್ತಾದರು. ಎರಡನೆಯ ವರ್ಷ ಬಾಗಿಲು ಬಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ಹೀಗೇ ಏಳು ವರ್ಷ ದಾಟಿತ್ತು. "ಬಂದೇ ಬರ್ತಾನೆ" ಎಂದು ಅತ್ತೆ ಹೇಳುತ್ತಿದ್ದರು, "ಬರ್ತಾರೆ ಅತ್ತೆ" ಎಂದು ಇವಳು ಹೇಳುತ್ತಿದ್ದಳು. ಊಟಕ್ಕೆ ಮೊದಲು ಕೈ ತೊಳೆಯುವಷ್ಟೇ ಸಲೀಸಾಗಿ ಬಾಯಿಂದ ಬರುವ ಮಾತು. ಹೇಳುವಾಗ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅವನು ಸತ್ತಿದ್ದಾನೆ ಎಂದೇ ತಾನು ತಿಳಿದಿದ್ದೇನೆ, ಮುದುಕಿಯ ಜೀವ ನೋಯಬಾರದೆಂದು ಬಾಯಿಮಾತಿಗೆ ಹೇಳುತ್ತಿದ್ದೇನೆ ಎಂದು ಅವಳು ನಂಬಿದ್ದಳು.

'ದೀಪದ ಮನೆ'ಯ ಮೊದಲ ಸಂಚಿಕೆಯನ್ನು ಅತ್ತೆ ಸೊಸೆ ಮಂಚದ ತುದಿಯಲ್ಲಿ ಕೂತು ಪೂರ್ತಿ ನೋಡಿದ್ದರು. ಕೊನೆಯಲ್ಲಿ ಒಬ್ಬ ನಾವಿಕನ ಹೆಣ ದಡಕ್ಕೆ ಬಂದು ಬಿತ್ತು. ಇವಳು ಅತ್ತೆಯ ಕಡೆ ನೋಡಿದಳು, ಅತ್ತೆಯ ಕೈಯಲ್ಲಿ ಚಹಾದ ಲೋಟ ಅಲುಗುತ್ತಿತ್ತು. ಮುಂದಿನ ಗುರುವಾರ ಕೊನೆಯ ಜಾಹೀರಾತು ಬಂದ ಕೂಡಲೇ ಅತ್ತೆ ಎದ್ದು ಟಿವಿ ಆರಿಸಿಬಿಟ್ಟರು. "ಸಾಕು ಕಣೇ, ಕಣ್ಣು ಉರಿಯುತ್ತೆ" ಎಂದರು. ಅದರ ಮುಂದಿನ ವಾರವೂ ಉರಿಯಿತು. ಹೆಣ ನೋಡುವ ಶಕ್ತಿ ಇವರಿಗಿಲ್ಲ ಎಂದು ಸೊಸೆಗೆ ಅರ್ಥವಾಯಿತು, ಅವಳು ಸುಮ್ಮನಾದಳು.

ಹೀಗೆ ಆ ಮನೆಯಲ್ಲಿ ಪ್ರತಿ ಸಂಚಿಕೆಯೂ ಬಾಲ ಇಲ್ಲದೆ ಮುಗಿಯುತ್ತಿತ್ತು. ಬಾಲ ಮರುದಿನ ಕ್ಯಾಂಟೀನಿನಲ್ಲಿ ರೇಡಿಯೊ ಬಾಯಿಂದ ಸಿಗುತ್ತಿತ್ತು. ಫೋನಿನಲ್ಲೇ ನೋಡಿಕೊಳ್ಳಬಹುದಿತ್ತು, ಆದರೆ ರೇಡಿಯೊ ಕಣ್ಣರಳಿಸಿ ಹೇಳುವ ಮಜಾ ಫೋನಿನಲ್ಲಿ ಎಲ್ಲಿಂದ ಬರಬೇಕು. ಶುಕ್ರವಾರ ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳುತ್ತಿದ್ದರು. "ಏನಂತೆ? ಸಿಕ್ಕಿದನಂತಾ?"

ಮೊದಲ ಸುಳ್ಳು ಹುಟ್ಟಿದ್ದು ಆ ವಾರದ ಕಥೆಯಲ್ಲಿ ಕಾಣೆಯಾಗಿದ್ದ ಮೀನುಗಾರನ ವಿಷಯದಲ್ಲಿ. ನಿಜವಾದ ಕಥೆಯಲ್ಲಿ ಅವನು ಬಂಡೆಗಳ ನಡುವೆ ಮುಳುಗಿ ಸತ್ತಿದ್ದ. "ಸಿಕ್ಕಿದ ಅತ್ತೆ" ಎಂದಳು ಸೊಸೆ, ಕಣ್ಣು ಮಿಟುಕಿಸದೆ. "ಪಕ್ಕದ ಬಂದರಲ್ಲಿ ಹೋಟ್ಲು ಕೆಲಸಕ್ಕೆ ಸೇರ್ಕೊಂಡಿದ್ನಂತೆ."

"ಅಲ್ಲ, ಮನೇಗೊಂದು ಮಾತು ಹೇಳ್ಬಾರ್ದಾ ಆ ಮುಂಡೇದು!" ಎಂದು ಅತ್ತೆ ಬೈದರು. ಬೈಗುಳದಲ್ಲಿ ಖುಷಿಯಿತ್ತು, ಅಥವಾ ಇವಳಿಗೆ ಹಾಗೆ ಕೇಳಿಸಿತು.

ಒಂದು ಸುಳ್ಳಿಗೆ ಆಸರೆಯಾಗಿ ಇನ್ನೊಂದನ್ನು ನಿಲ್ಲಿಸಬೇಕಾಯಿತು. ಮುಂದಿನ ವಾರ ಮೀನುಗಾರನ ಹೆಂಡತಿ ಪರದೆಯ ಮೇಲೆ ಗೋಳೋ ಎಂದು ಅತ್ತಳು. "ಗಂಡ ಬಂದ ಖುಷಿಗೆ ಅಳ್ತಿದಾಳೆ" ಎಂದಳು ಸೊಸೆ. "ಹೌದಾ, ಪಾಪ" ಎಂದರು ಅತ್ತೆ. ವಿಷ ಕುಡಿದು ಸತ್ತ ಗುಮಾಸ್ತ ಈ ಮನೆಯಲ್ಲಿ ಹೆಚ್ಚಿನ ಓದಿಗೆಂದು ಬೇರೆ ಊರಿಗೆ ಹೋದ. ರೈಲಿಗೆ ಸಿಕ್ಕ ಮುದುಕ ಈ ಮನೆಯಲ್ಲಿ ಮಗಳ ಊರು ಸೇರಿದ. ಬರಬರುತ್ತಾ ಕಾರ್ಖಾನೆಯವರು ನೋಡುವ 'ದೀಪದ ಮನೆ' ಬೇರೆ, ಇವರ ಮನೆಯ 'ದೀಪದ ಮನೆ' ಬೇರೆ ಎಂಬಂತಾಯಿತು. 'ಹಿಂದಿನ ಸಂಚಿಕೆಯಲ್ಲಿ' ಎಂದು ಹಳೆಯದನ್ನು ತೋರಿಸುವ ಹೊತ್ತಿಗೆ ಸರಿಯಾಗಿ ಅತ್ತೆ ಚಹಾ ಸೋಸಲು ಒಳಗೆ ಹೋಗುತ್ತಿದ್ದರು. ಅದು ತನ್ನ ಅದೃಷ್ಟ ಎಂದುಕೊಂಡಿದ್ದಳು ಸೊಸೆ. ಹೆಸರಿಗೆ ಪತ್ತೇದಾರಿ!

ಕಾಗದ ಸುತ್ತುವ ಯಂತ್ರ ಕೆಟ್ಟಾಗ ರಿಪೇರಿಗೆ ಬರುವವನು ಫಿಟ್ಟರ್. ಹೆಂಡತಿ ಕಾಯಿಲೆಯಿಂದ ತೀರಿಹೋಗಿದ್ದಳು, ಮಕ್ಕಳಿಲ್ಲ. ಮಾತು ಕಡಿಮೆ, ಕೈ ಒರೆಸಿಕೊಳ್ಳುವ ಬಟ್ಟೆ ಸದಾ ಹೆಗಲ ಮೇಲೆ. ಹೋದ ವರ್ಷ ಅವನು ಯಂತ್ರದೊಳಗೆ ತಲೆ ಇಟ್ಟುಕೊಂಡೇ, ಅವಳ ಮುಖ ನೋಡದೆ, ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದ. ಅವಳಿಗೆ ಬೇಡ ಅನ್ನಿಸಲಿಲ್ಲ. ಅವನು ಒಳ್ಳೆಯವನು. ರಜೆ ಹಾಕಿ ಅವನು ಎರಡು ದಿನ ಬರದಿದ್ದಾಗ ಅವಳು ಬೆಲ್ಟಿನ ಆಚೆ ನಾಲ್ಕಾರು ಸಲ ನೋಡಿದ್ದಳು, ಅವಳ ಲೆಕ್ಕದಲ್ಲಿ ಅದು ಬಹಳ ದೊಡ್ಡ ಸಂಗತಿ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತಂತೆಯೇ ಲೆಕ್ಕ, ಮನೆಯವರು ಹಾಗೆಂದು ಹೇಳಿದರೆ ಮುಂದಿನದ್ದು ಕಷ್ಟವಿಲ್ಲ ಎಂದು ವಕೀಲರನ್ನೂ ಕೇಳಿ ಬಂದಿದ್ದ ಅವನು.

"ಮನೆಯವರು ಅಂದ್ರೆ ಅತ್ತೆ" ಎಂದಿದ್ದಳು ಅವಳು. "ಮಗ ಸತ್ತ ಅಂತ ಅವರ ಬಾಯಲ್ಲಿ ಹೇಳಿಸ್ಲಾ? ನನ್ನ ಕೈಲಾಗಲ್ಲ."

ಅವನು ಒತ್ತಾಯ ಮಾಡಲಿಲ್ಲ. ಆದರೆ ಈಗ ಅವನಿಗೆ ಬೇರೆ ಊರಿನ ಹೊಸ ಕಾರ್ಖಾನೆಗೆ ವರ್ಗವಾಗಿತ್ತು. ಸೋಮವಾರ ಬೆಳಿಗ್ಗೆ ಅವನು ಬೆಲ್ಟಿನ ಬಳಿ ಬಂದು ನಿಂತ.

"ಶನಿವಾರ ಸಾಮಾನು ಲಾರಿಗೆ ಹಾಕ್ತಿದೀನಿ. ಅಲ್ಲಿ ಮನೆ ಕೊಡ್ತಾರೆ, ಎರಡು ರೂಮಿದೆ. ಅತ್ತೇನೂ ಕರ್ಕೊಂಡು ಬನ್ನಿ, ನಂಗೇನೂ ಇಲ್ಲ. ಆಗಲ್ಲ ಅನ್ನೋದಾದ್ರೆ ಅದನ್ನೂ ಹೇಳಿಬಿಡಿ. ಮತ್ತೆ ಕೇಳಲ್ಲ ನಾನು."

"ಹೇಳ್ತೀನಿ" ಎಂದಳು. ಅಷ್ಟರಲ್ಲಿ ಮೂಲೆ ಮುರಿದ ಸಾಬೂನೊಂದು ಅವಳ ಕಣ್ಣು ತಪ್ಪಿಸಿ ಯಂತ್ರದೊಳಗೆ ಹೋಯಿತು.

ಆ ವಾರವೆಲ್ಲ ಅವಳು ಅತ್ತೆಯ ಮುಂದೆ ಬಾಯಿ ತೆರೆದು ಮುಚ್ಚಿದಳು. ಮಂಗಳವಾರ ಬಟ್ಟೆ ಮಡಿಸುವಾಗ ಹೇಳೋಣ ಎಂದುಕೊಂಡಳು. ಬುಧವಾರ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುವಾಗ "ಅತ್ತೆ" ಎಂದು ಶುರುಮಾಡಿ, ಎಣ್ಣೆ ಸಾಕಾ ಎಂದು ಕೇಳಿ ಮುಗಿಸಿದಳು. ಅತ್ತೆಗೆ ಅದೇ ಹೊತ್ತಿಗೆ ದೀಪದವನ ಚಿಂತೆ. ಗುರುವಾರ ಧಾರಾವಾಹಿಯ ಕೊನೆಯ ಸಂಚಿಕೆ ಇತ್ತು.

"ನೀನು ಏನು ಅಂತೀಯ, ಸಿಕ್ತಾನಾ?" ಎಂದು ಕೇಳಿದರು.

"ಸಿಗ್ತಾನೆ ಅತ್ತೆ."

ಗುರುವಾರ ಸಂಜೆ ಇಬ್ಬರೂ ಎಂದಿನಂತೆ ಮಂಚದ ತುದಿಯಲ್ಲಿ ಕೂತರು. ಅಂಚೆ ಕಚೇರಿಯ ಹೆಂಗಸು ನಿರಪರಾಧಿ ಎಂದಾಯಿತು. ವೈದ್ಯ ಓಡಿಹೋಗಲು ಪೆಟ್ಟಿಗೆ ಕಟ್ಟುತ್ತಿದ್ದ. ಕೊನೆಯ ಜಾಹೀರಾತು ಬಂತು. ಸೊಸೆ ಅತ್ತೆ ಏಳುವುದನ್ನು ಕಾದಳು. ಟಿವಿ ಆರಿದ ಮೇಲೆ ಇವತ್ತು ಹೇಳಿಯೇ ತೀರಬೇಕು ಎಂದು ಮೊದಲ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

ಅತ್ತೆ ಏಳಲಿಲ್ಲ.

ಜಾಹೀರಾತು ಮುಗಿದು ಕಥೆ ಮತ್ತೆ ಶುರುವಾಯಿತು. ದೀಪಸ್ತಂಭದ ಬುಡದಲ್ಲಿ ಹಳೆಯ ನೀರಿನ ತೊಟ್ಟಿಯೊಂದಿತ್ತು, ಅದರ ಮುಚ್ಚಳವನ್ನು ನಾಲ್ಕು ಜನ ಸೇರಿ ಎತ್ತಿದರು. ಮೊದಲು ಕೋಟು ಕಂಡಿತು. ಆಮೇಲೆ ಕೋಟಿನೊಳಗಿದ್ದದ್ದು ಕಂಡಿತು. ದೀಪದವನು ಕಾಣೆಯಾದ ದಿನವೇ ಸತ್ತಿದ್ದ. ಊರವರು ಹುಡುಕಾಡುತ್ತಿದ್ದ ಅಷ್ಟೂ ದಿನ ಅವರ ಕಾಲಡಿಯಲ್ಲೇ ಇದ್ದ. ಸಂಗೀತ ಬಂತು, ಹೆಸರುಗಳು ಬಂದವು, ಗೋಡೆಗೆ ಹಚ್ಚುವ ಬಣ್ಣದ ಜಾಹೀರಾತು ಬಂತು. ಅತ್ತೆ ಆಗ ಎದ್ದು ಟಿವಿ ಆರಿಸಿದರು.

"ನಾಳೆ ಏನು ಹೇಳ್ಬೇಕು ಅಂತಿದ್ದೆ ನಂಗೆ?" ಎಂದು ಕೇಳಿದರು.

ಸೊಸೆ ಖಾಲಿ ಲೋಟಗಳನ್ನು ಎತ್ತಿಕೊಳ್ಳಲು ಬಾಗಿದಳು. ಅತ್ತೆಯೇ ಮುಂದುವರಿಸಿದರು.

"ಶುಕ್ರವಾರ ಮಧ್ಯಾಹ್ನ ಮತ್ತೆ ಹಾಕ್ತಾರಲ್ಲೇ. ನೀನು ಕೆಲಸಕ್ಕೆ ಹೋದ್ಮೇಲೆ ಪೂರ್ತಿ ನೋಡ್ತಿದ್ದೆ. ಮೀನುಗಾರ ಸತ್ತಿದ್ದೂ ಗೊತ್ತು, ಆ ಗುಮಾಸ್ತ ಸತ್ತಿದ್ದೂ ಗೊತ್ತು."

"ಮತ್ತೆ ಗುರುವಾರ ಯಾಕೆ ಆಫ್ ಮಾಡ್ತಿದ್ರಿ?"

"ನೀನು ನೋಡ್ಬಾರ್ದು ಅಂತ. ಮೊದಲ್ನೇ ವಾರ ಆ ಹೆಣ ದಡಕ್ಕೆ ಬಂತಲ್ಲ, ನಿನ್ನ ಮುಖ ನೋಡ್ದೆ. ಬಿಳಿಚಿಕೊಂಡಿತ್ತು. ಲೋಟ ಹಿಡ್ಕೊಳ್ಳೋಕೂ ಆಗ್ಲಿಲ್ಲ ನನ್ನ ಕೈಲಿ. ಮಾರನೇ ವಾರ ನೀನು ಬಂದು ಮೀನುಗಾರ ಹೋಟ್ಲಲ್ಲಿದಾನೆ ಅಂದಿಯಲ್ಲ, ಆಗ ಗೊತ್ತಾಯ್ತು. ಈ ಹುಡುಗಿ ಇನ್ನೂ ಕಾಯ್ತಿದಾಳೆ ಅಂತ."

"ನಾನಾ? ನಿಮಗೋಸ್ಕರ ಹೇಳ್ತಿದ್ದೆ ಅತ್ತೆ ನಾನು."

"ಇರ್ಬೋದು" ಎಂದರು ಅತ್ತೆ. ಮಂಚದ ಮೇಲೆ ಕೂತು ಮಂಡಿ ಒತ್ತಿಕೊಂಡರು. ಆಮೇಲೆ ಅಂಗಡಿಯಿಂದ ಏನು ತರಬೇಕೆಂದು ಹೇಳುವ ದನಿಯಲ್ಲಿ ಹೇಳಿದರು. "ಅವನು ಇಲ್ಲ ಕಣೇ. ಸತ್ತಿದಾನೆ. ನಂಗೆ ಎರಡನೇ ವರ್ಷಾನೇ ಅನ್ನಿಸಿಬಿಡ್ತು. ನೀನು ದಿನಾ ಬರ್ತಾರೆ ಬರ್ತಾರೆ ಅಂತಿದ್ದೆ, ನಾನ್ಯಾಕೆ ನಿನ್ನ ಆಸೆಗೆ ಕಲ್ಲು ಹಾಕ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ."

ಇಷ್ಟು ದಿನ ಯಾವ ಮಾತನ್ನು ಇವರ ಬಾಯಿಂದ ಹೇಗೆ ಹೊರಡಿಸುವುದು ಎಂದು ಅವಳು ಒದ್ದಾಡಿದ್ದಳೋ ಆ ಮಾತು ಕೇಳದೆಯೇ ಬಂದು ಮುಂದೆ ಬಿದ್ದಿತ್ತು. ಇನ್ನು ಫಿಟ್ಟರ್ ವಿಷಯ ಎತ್ತಿದರೆ ಮುಗಿಯಿತು. ಹಗುರಾಗಬೇಕಿತ್ತು ಅವಳಿಗೆ. ಆದರೆ ಅವಳಿಗೆ ಬಂದದ್ದು ಕೋಪ. ಎಷ್ಟೋ ವರ್ಷದಿಂದ ಯಾವುದೂ ನಾಟದ ಮನಸ್ಸಿನಲ್ಲಿ ಕೋಪ ಎಲ್ಲಿ ಅಡಗಿತ್ತೋ, ಒಮ್ಮೆಗೇ ನುಗ್ಗಿತು.

"ಹೇಗೆ ಹೇಳ್ತೀರಿ ನೀವು?" ಎಂದು ಎದ್ದು ನಿಂತಳು. "ಹೆಣ ನೋಡಿದ್ರಾ? ಯಾರಾದ್ರೂ ನೋಡಿದ್ರಾ? ಸಾಯೋಕೆ ಹೋಗೋರು ರೆಗ್ಯುಲೇಟರ್ ಯಾಕೆ ತಗೊಂಡು ಹೋಗ್ತಾರೆ? ಹೊಸ ಚಪ್ಪಲಿ ಬಿಟ್ಟು ಹಳೇದು ಹಾಕ್ಕೊಂಡು ಹೋಗಿದಾರೆ, ಅಂದ್ರೆ ದೂರ ಹೋಗೋ ಯೋಚನೆ ಇರ್ಲಿಲ್ಲ. ರಸ್ತೇಲಿ ಏನಾದ್ರೂ ಆಗಿದ್ರೆ ಆಸ್ಪತ್ರೆಯವರು ಬಿಡ್ತಿದ್ರಾ? ತಲೆಗೆ ಪೆಟ್ಟು ಬಿದ್ದು ಹೆಸರು ಮರೆತು ಹೋಗಿರ್ಬೋದು. ಎಲ್ಲೋ ಕೆಲಸ ಮಾಡ್ಕೊಂಡು ಇರ್ಬೋದು. ಹಾಗೆ ಎಷ್ಟು ಜನ ಇಲ್ಲ! ಅವರು ಬದುಕಿದಾರೆ ಅತ್ತೆ. ನೀವು ಹೆತ್ತೋರು, ಹೀಗೆಲ್ಲ ಹೇಳ್ಬಾರ್ದು."

ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನ ದನಿಯೇ ಕೇಳಿಸಿತು. ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಅದೇ ವಾದ, ಅದೇ ಹಟ. ಮುದುಕಿಗಾಗಿ ಎಂದು ಹೆಸರು ಹೇಳಿ, ಇಷ್ಟು ಕಾಲವೂ ತನಗಾಗಿಯೇ ಆ ಸತ್ತವರನ್ನೆಲ್ಲ ಎಬ್ಬಿಸಿ ಕೂರಿಸಿದ್ದಳು ಅವಳು. ಅದು ಗೊತ್ತಾಗಿ ಅಲ್ಲೇ ನೆಲದ ಮೇಲೆ ಕೂತಳು. ಅಳು ಬರಲಿಲ್ಲ. ಕೋಪ ಬಂದಷ್ಟೇ ಬೇಗ ಇಳಿದು, ಮತ್ತೆ ಮೊದಲಿನ ಹಾಗೆ ಎಲ್ಲ ಮರಗಟ್ಟಿತು.

ಅತ್ತೆ ಹಾಸಿಗೆ ಬಿಡಿಸಿದರು. ಆಮೇಲೆ, "ಈ ವಾರವೆಲ್ಲ ಏನೋ ಹೇಳೋಕೆ ಬಂದು ನುಂಗ್ಕೊಳ್ತಿದ್ದೆ. ಅದೇನು ಹೇಳು" ಎಂದರು.

ಅವಳು ಹೇಳಿದಳು. ಯಂತ್ರದ ವಿಷಯ ಹೇಳಿದಂತೆ ಹೇಳಿದಳು. ಫಿಟ್ಟರ್ ಎಂಥವನು, ಏನು ಕೇಳಿದ, ಯಾವ ಊರು, ಎಷ್ಟು ರೂಮು, ಲಾರಿ ಯಾವತ್ತು ಹೊರಡುತ್ತದೆ.

"ಕುಡೀತಾನಾ?"

"ಇಲ್ಲ."

"ಬಾಯಿ ಜೋರಾ?"

"ಬಾಯೇ ಇಲ್ಲ ಅತ್ತೆ ಅವರಿಗೆ."

"ನೀನೇನು ಹೇಳ್ದೆ?"

"ಏನೂ ಹೇಳಿಲ್ಲ. ಹೇಳೋಕಾಗಲ್ಲ. ಈಗ್ಲೂ ಆಗಲ್ಲ" ಎಂದಳು. "ಹೇಳ್ಬೇಕು ಅಂದ್ರೆ ಅವರು ಸತ್ತಿದಾರೆ ಅಂತ ಮೊದಲು ಹೇಳ್ಬೇಕು. ಬಾಯಿಗೆ ಬರಲ್ಲ ಆ ಮಾತು."

ಅತ್ತೆ ದೀಪ ಆರಿಸಿದರು. ಇಬ್ಬರೂ ಮಲಗಿದರು.

ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಂಡು ಹೊರಡುವಾಗ ಅತ್ತೆ ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು. ಎಲ್ಲಿಗೆ ಎಂದು ಕೇಳಿದರೆ "ನಡಿ" ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಬೇಡ ಎನ್ನಲು ಸೊಸೆಗೆ ಶಕ್ತಿಯಿರಲಿಲ್ಲ, ಹೂಂ ಎನ್ನಲೂ ಇರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಶಿಫ್ಟಿಗೆ ಒಳಹೋಗುವವರ ಗುಂಪು. ರೇಡಿಯೊ ದೂರದಿಂದಲೇ, "ನೋಡಿದ್ಯೇನೇ? ತೊಟ್ಟೀಲಿದ್ದ! ಎಷ್ಟು ಬಡ್ಕೊಂಡೆ ನಾನು!" ಎಂದು ಕೂಗಿದಳು. ಪಕ್ಕದಲ್ಲಿ ಅತ್ತೆಯನ್ನು ಕಂಡು ಬಾಯಿ ಮುಚ್ಚಿದಳು. ಫಿಟ್ಟರ್ ಸೈಕಲ್ ನಿಲ್ಲಿಸುತ್ತಿದ್ದ. ಸೊಸೆ ಹೇಳಿದ್ದ ಹೆಗಲ ಮೇಲಿನ ಬಟ್ಟೆ ನೋಡಿಯೇ ಅತ್ತೆಗೆ ಗುರುತು ಸಿಕ್ಕಿತು. ನೇರ ಅವನ ಮುಂದೆ ಹೋಗಿ ನಿಂತರು.

"ಏನಪ್ಪಾ, ಇವಳನ್ನ ಕೇಳಿದ್ದು ನೀನೇನಾ?"

ಅವನು ಗಾಬರಿಯಾಗಿ ಸೈಕಲ್ ಹಿಡಿದುಕೊಂಡೇ ತಲೆಯಾಡಿಸಿದ.

"ನನ್ನ ಮಗ ಸತ್ತಿದಾನೆ" ಎಂದರು ಅತ್ತೆ. ಸುತ್ತ ಇದ್ದವರೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದರು. "ಹೆತ್ತವಳು ನಾನು ಹೇಳ್ತಿದೀನಿ. ಎಲ್ಲಿ ಬಂದು ಹೇಳ್ಬೇಕೋ ಅಲ್ಲೂ ಬಂದು ಹೇಳ್ತೀನಿ. ಇವಳ ಬಾಯಲ್ಲಿ ಅದನ್ನ ಹೇಳಿಸ್ಬೇಡ. ಯಾವತ್ತೂ ಹೇಳಿಸ್ಬೇಡ. ಅಷ್ಟು ಒಪ್ಪಿಗೆ ಇದ್ರೆ ಕರ್ಕೊಂಡು ಹೋಗು."

"ಒಪ್ಪಿಗೆ ಅಮ್ಮ" ಎಂದ ಅವನು. "ನೀವೂ ಬನ್ನಿ."

ಅತ್ತೆ ಹೇಳುವುದನ್ನು ಹೇಳಿಯಾಯಿತು ಎಂಬಂತೆ ತಿರುಗಿ ನಾಲ್ಕು ಹೆಜ್ಜೆ ನಡೆದರು. ಆಮೇಲೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಈಗಷ್ಟೇ ಇಳಿದ ಬಸ್ ನಿಲ್ದಾಣ ಎದುರಿಗೇ ಇತ್ತು. ಗೇಟಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದುಕೊಂಡರು.

"ಮನೆಗೆ ಯಾವ ಕಡೆ ಹೋಗ್ಬೇಕೇ?" ಎಂದು ಸೊಸೆಯನ್ನು ಕೇಳಿದರು. ಆ ದನಿ ಸಣ್ಣ ಮಗುವಿನದ್ದಾಗಿತ್ತು.

ಶಿಫ್ಟಿನ ಗಂಟೆ ಹೊಡೆಯಿತು. ಎಲ್ಲರೂ ಒಳಗೆ ಹೋದರು. ಪತ್ತೇದಾರಮ್ಮ ಹೋಗಲಿಲ್ಲ, ಸೈಕಲ್ ಹಿಡಿದಿದ್ದ ಫಿಟ್ಟರೂ ಹೋಗಲಿಲ್ಲ. ಎರಡನೆಯ ವರ್ಷದಿಂದ ಈ ಹೆಂಗಸು ಮಗನ ಸಾವನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು, ತನ್ನ ಮುಂದೆ ದಿನಾ "ಬಂದೇ ಬರ್ತಾನೆ" ಎಂದಿದ್ದಳಲ್ಲ ಎಂದು ಅವಳಿಗೆ ಆಗ ಅನ್ನಿಸಿತು. ಅನ್ನಿಸಿದ್ದು ನೋವೇ, ಅನುಮಾನವಿಲ್ಲ. ಅವಳು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಕಂಬದಿಂದ ಬಿಡಿಸಿ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಆಮೇಲೆ ಫಿಟ್ಟರ್ ಕಡೆ ತಿರುಗಿದಳು.

"ಶನಿವಾರ ಲಾರೀಲಿ ಇಬ್ಬರಿಗೆ ಜಾಗ ಇಡಿ" ಎಂದಳು.